ಮರೆತುಹೋದ ನೌಕಾವೀರರು

ಅಮರಗೋಳದಿಂದ ಕಡಲು ದೂರ. ಆದರೂ 1942ರಲ್ಲಿ ಬರ್ಮಾದೇಶದ ಎಣ್ಣೆಯ ಬಾವಿಗಳು ಜಪಾನೀಯರ ಕೈಸೇರಿ ಚಿಮಣಿ ಎಣ್ಣೆಗೆ ಅಭಾವವುಂಟಾದಾಗ, ಮನೆಯ ದೀಪಕ್ಕೂ ಹಡಗಿನ ದಾರಿಗೂ ಇರುವ ಸಂಬಂಧವನ್ನು ಒಳನಾಡಿನವರೂ ಅರಿಯಬೇಕಾಯಿತು. ಎಣ್ಣೆಯ ಹಡಗೆಂದರೆ ತೇಲುವ ಮದ್ದಿನ ಮನೆ. ಅಟ್ಲಾಂಟಿಕ್ ಸಾಗರದಲ್ಲಿ 1940ರ ನವೆಂಬರ 5ರಂದು ಜರ್ಮನರ ಗುಂಡಿಗೆ ಉರಿಯತೊಡಗಿದ ‘ಸ್ಯಾನ್ ಡಿಮೆಟ್ರಿಯೊ’ವನ್ನು, ಬಿಟ್ಟುಹೋಗಿದ್ದ ಖಲಾಸಿಗಳೇ ಮರಳಿ ಏರಿ ಬ್ರಿಟನ್ನಿಗೆ ಮುಟ್ಟಿಸಿದರು. 1943ರಲ್ಲಿ ಆ ಸಾಹಸವು ಚಲಚ್ಚಿತ್ರವಾಗಿ ಲೋಕವಿಖ್ಯಾತವಾಯಿತು. ಅದಕ್ಕೆ ಸರಿಗಟ್ಟುವ, ನಮ್ಮವರೇ ಪಾಲುಗೊಂಡ ಸಾಹಸವೊಂದು ಮಾತ್ರ ನಮ್ಮಲ್ಲಿಯೇ ಮರೆತುಹೋಗಿದೆ.

1942ರ ನವೆಂಬರ 11ರಂದು, ಕೊಕೊಸ್ ದ್ವೀಪಗಳ ನೈಋತ್ಯಕ್ಕೆ, ‘ಒಂಡಿನಾ’ ಎಂಬ ಡಚ್ಚರ ಎಣ್ಣೆಯ ಹಡಗು ಸಾಗುತ್ತಿತ್ತು. ಅದರ ಬೆಂಗಾವಲಿಗೆ ಇದ್ದುದು ಭಾರತೀಯ ನೌಕಾದಳದ ‘ಬೆಂಗಾಲ್’ ಎಂಬ ಸಣ್ಣ ನೌಕೆಯೊಂದೇ. ಅದರ ನಾಯಕನು ವಿಲ್ಸನ್ನನು. ನಾವಿಕರಲ್ಲಿ ಬಹುಭಾಗ ಭಾರತೀಯರು. ಹತ್ತು ಸಾವಿರ ಟನ್ನಿಗೂ ಮಿಕ್ಕಿದ ‘ಹೊಕೊಕು ಮಾರು’, ‘ಐಕೊಕು ಮಾರು’ ಎಂಬ ಎರಡು ಜಪಾನೀ ಹಡಗುಗಳು ಎದುರಾದವು. ‘ಬೆಂಗಾಲ್’ ಓಡಲಿಲ್ಲ, ಒಂದೇ ಸಣ್ಣ ತೋಪಿನೊಡನೆ ನೇರವಾಗಿ ಶತ್ರುವಿನತ್ತ ನುಗ್ಗಿತು. ‘ಒಂಡಿನಾ’ದ ತೋಪೂ ಗುಂಡು ಹಾರಿಸಿತು, ಅದರ ಬಳಿ ಇದ್ದವು 32 ಗುಂಡುಗಳು. ‘ಹೊಕೊಕು ಮಾರು’ ಸಿಡಿದು ಮುಳುಗಿತು. ಗುಂಡು ಯಾವ ನೌಕೆಯದೆಂಬ ವಾದವು ಬಳಿಕ ನಡೆಯಿತು. ಧೈರ್ಯವು ಎರಡರದೂ ಎಂಬುದರಲ್ಲಿ ವಾದವಿಲ್ಲ.

ಮದ್ದು ತೀರುತ್ತ ಬಂದು ‘ಬೆಂಗಾಲ್’ ಹಿಂದೆಗೆಯಿತು. ‘ಒಂಡಿನಾ’ದ ಕಪ್ತಾನ ಹೋರ್ಸ್‌ಮನ್ ಮಡಿದನು. ಖಲಾಸಿಗಳು ದೋಣಿಗಿಳಿದಾಗ ಶತ್ರುವು ಅವರ ಮೇಲೂ ಗುಂಡಿನ ಮಳೆಗರೆದನು. ಅವನು ತೆರಳಿದ ಮೇಲೆ ಉಳಿದವರು ಹಡಗನ್ನು ಮತ್ತೆ ಏರಿ, ಬೆಂಕಿಯನ್ನು ನಂದಿಸಿ, ಒಂದು ವಾರದಲ್ಲಿ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರವನ್ನು ಸೇರಿದರು.

ಈ ನೌಕಾದಳದವರೇ 1946ರ ಫೆಬ್ರುವರಿ 18ರಂದು ಮುಂಬಯಿಯಲ್ಲಿ ಕೆಟ್ಟ ಆಹಾರ, ಅಲ್ಪವೇತನ, ಅವಮಾನಗಳ ವಿರುದ್ಧ ಎದ್ದುನಿಂತರು. ಯುದ್ಧಕಾಲದಲ್ಲಿ ಅವರ ಶೌರ್ಯವನ್ನು ಪಡೆದ ಸರಕಾರವು ಶಾಂತಿಕಾಲದಲ್ಲಿ ಅವರಿಗೆ ಹಿಡಿ ಒಳ್ಳೆಯ ಅನ್ನವನ್ನೂ ಕೊಡಲಾರದೆ ಹೋಯಿತೇ ಎಂದು ನಾವು ಕೇಳುತ್ತೇವೆ. ಅವಿಧೇಯತೆಯೆಂದು ಅದನ್ನು ಜರೆದವರು, ‘ಬೆಂಗಾಲ್’ ಹಡಗಿನ ವಿಧೇಯತೆಗೆ ಸಂದ ಬೆಲೆಯೇನೆಂಬುದನ್ನು ಮೊದಲು ವಿಚಾರಿಸಬೇಕಿತ್ತು.

ಯುದ್ಧದಲ್ಲಿ ಗತಿಸಿದ ಭಾರತದ ವ್ಯಾಪಾರಿ ನೌಕೆಗಳ ಖಲಾಸಿಗಳು ಸುಮಾರು 6,000. ಅವರಿಗೆ ಸಮಾಧಿಯಿಲ್ಲ, ಕಡಲೇ ಸಮಾಧಿ. ಹುಬ್ಬಳ್ಳಿ ಧಾರವಾಡದ ಹೆದ್ದಾರಿಯಲ್ಲಿ ಎಣ್ಣೆಯ ಬಂಡಿಯು ಎದುರಾದಾಗ ನಮ್ಮ ವಾಚಕರು ಅವರನ್ನು ಒಂದು ಕ್ಷಣ ನೆನೆದರೆ, ಈ ಬರಹವು ಸಾರ್ಥಕವಾಯಿತೆಂದು ನಾವು ಭಾವಿಸುವೆವು.