ಹಳೆಯ ಮಿಲ್ಲಿಂಗ್, ಡ್ರಿಲ್ಲಿಂಗ್ ಯಂತ್ರಗಳ ಪುನಶ್ಚೇತನ: ಬಣ್ಣಕ್ಕೆ ಮುನ್ನ ಅಳತೆ

1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆಯ ಮಿಲ್ಲಿಂಗ್ ಹಾಗೂ ರೇಡಿಯಲ್ ಡ್ರಿಲ್ಲಿಂಗ್ ಯಂತ್ರಗಳು ನಮ್ಮ ಸಣ್ಣ ಕೈಗಾರಿಕಾ ಘಟಕಗಳಲ್ಲಿ ದಶಕಗಳ ಕಾಲ ದುಡಿದಿವೆ. ಇಂತಹ ಯಂತ್ರವನ್ನು ಗುಜರಿಗೆ ಹಾಕಬೇಕೆ, ದುರಸ್ತಿ ಮಾಡಿಸಬೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಅದರ ವಯಸ್ಸಿನಿಂದಲ್ಲ, ಅಳತೆಯಿಂದ ಕಂಡುಕೊಳ್ಳಬೇಕು.

ಯಂತ್ರದ ಎರಕದ ಒಡಲು ಬಿರುಕು ಬಿಡದಿದ್ದರೆ ಬಹುಕಾಲ ಬಾಳುತ್ತದೆ. ಸವೆಯುವುದು ಮುಖ್ಯವಾಗಿ ಸ್ಲೈಡ್, ಸ್ಪಿಂಡಲ್ ಬೇರಿಂಗ್ ಹಾಗೂ ಲೀಡ್ ಸ್ಕ್ರೂ. ಆದ್ದರಿಂದ ಯಂತ್ರವನ್ನು ಬಿಚ್ಚುವ ಮುನ್ನವೇ ಸ್ಪಿಂಡಲಿನ ಓಲಾಟವನ್ನು ಡಯಲ್ ಗೇಜಿನಿಂದ ಅಳೆದು ಬರೆದಿಡಬೇಕು. ಲಂಬ ಸ್ಪಿಂಡಲಾದರೆ ಅದು ಮೇಜಿಗೆ ನೆಟ್ಟಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಮಿಲ್ಲಿಂಗ್ ಯಂತ್ರದ ಮೇಜು ಹೆಚ್ಚಾಗಿ ನಡುಭಾಗದಲ್ಲಿಯೇ ಓಡಾಡುವುದರಿಂದ ಲೀಡ್ ಸ್ಕ್ರೂ ಅಲ್ಲಿಯೇ ಸವೆಯುತ್ತದೆ. ಆ ಸಡಿಲಕ್ಕೆ ತಕ್ಕಂತೆ ನಟ್ ಬಿಗಿಸಿದರೆ ಮೇಜು ತುದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಂತಹ ಸಂದರ್ಭದಲ್ಲಿ ಸ್ಕ್ರೂ, ನಟ್ ಎರಡನ್ನೂ ಬದಲಿಸುವುದು ಲೇಸು. ಸಡಿಲ ಉಳಿದಿರುವ ಯಂತ್ರದಲ್ಲಿ, ಕಟ್ಟರ್ ತಿರುಗುವ ದಿಕ್ಕಿಗೇ ಮೇಜನ್ನು ಸಾಗಿಸುವ ಕ್ಲೈಂಬ್ ಮಿಲ್ಲಿಂಗ್ ಸಲ್ಲದು. ಕಟ್ಟರ್ ಮೇಜನ್ನು ಸೆಳೆದುಕೊಂಡು ಮುರಿಯುವ ಅಪಾಯವುಂಟು. ರೇಡಿಯಲ್ ಡ್ರಿಲ್ಲಿಂಗ್ ಯಂತ್ರದಲ್ಲಿ ತೋಳನ್ನು ಕಂಬಕ್ಕೆ ಬಿಗಿಹಿಡಿಯುವ ಕ್ಲ್ಯಾಂಪ್ ಸಡಿಲವಾಗಿದ್ದರೆ ಕೊರೆಯುವಾಗ ತೋಳು ಕದಲಿ ರಂಧ್ರದ ನಿಖರತೆ ಕೆಡುತ್ತದೆ.

ಸ್ಲೈಡುಗಳನ್ನು ಸರಿಪಡಿಸುವ ಕಾರ್ಯ ತಾಳ್ಮೆಯದು. ಪ್ರಷಿಯನ್ ಬ್ಲೂ ಹಚ್ಚಿದ ಸ್ಟ್ರೈಟ್ ಎಡ್ಜನ್ನು ಸ್ಲೈಡಿನ ಮೇಲೆ ಆಡಿಸಿದಾಗ ಉಬ್ಬಿದ ಭಾಗಗಳಿಗೆ ನೀಲಿ ಅಂಟುತ್ತದೆ. ಅವುಗಳನ್ನು ಸ್ಕ್ರೇಪರಿನಿಂದ ಹೆರೆದು, ನೀಲಿ ಚುಕ್ಕೆಗಳು ಎಲ್ಲೆಡೆ ಸಮನಾಗಿ ಮೂಡುವವರೆಗೆ ಪುನರಾವರ್ತಿಸಬೇಕು. ಚುಕ್ಕೆಗಳ ನಡುವಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಎಮರಿ ಕಾಗದದಿಂದ ಉಜ್ಜಿದರೆ ಹೊಳಪು ಬರುತ್ತದೆಯೇ ಹೊರತು ಸಮತಲ ಬರುವುದಿಲ್ಲ. ಉಳಿದ ಎಮರಿ ಕಣಗಳು ಸವೆತವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಸವೆತ ಆಳವಾಗಿದ್ದರೆ ಮೊದಲು ಸ್ಲೈಡ್ ಗ್ರೈಂಡಿಂಗ್ ಮಾಡಿಸಬೇಕಾಗುತ್ತದೆ. ಒಡಲನ್ನು ಸಾಗಿಸುವ ವೆಚ್ಚವೂ ಸೇರಿ ಈ ಖರ್ಚನ್ನು ಅಂದಾಜಿನಲ್ಲಿ ಮೊದಲೇ ಕಾಣಿಸಬೇಕು. ಹಳೆಯ ವೈರಿಂಗ್ ಬದಲಾವಣೆ, ಅರ್ತಿಂಗ್, ತುರ್ತು ನಿಲುಗಡೆ ಗುಂಡಿ ಮತ್ತು ರಕ್ಷಣಾ ಕವಚಗಳನ್ನೂ ಮರೆಯಬಾರದು.

ಪುನಶ್ಚೇತನಗೊಂಡ ಯಂತ್ರವೆಂದು ಮಾರಾಟಕ್ಕೆ ಬರುವುದರಲ್ಲಿ ಕೇವಲ ಬಣ್ಣ ಬಳಿದವೂ ಇರುತ್ತವೆ. ಆದುದರಿಂದ ದುರಸ್ತಿಯ ಮುಂಚಿನ ಮತ್ತು ನಂತರದ ಅಳತೆಗಳ ಪಟ್ಟಿಯನ್ನು ಉದ್ಯಮಿಗಳು ಲಿಖಿತವಾಗಿ ಪಡೆಯಬೇಕು. ತಮ್ಮದೇ ಕಾರ್ಯಾದೇಶದ ಒಂದು ಬಿಡಿಭಾಗವನ್ನು ಆ ಯಂತ್ರದಲ್ಲಿ ತಯಾರಿಸಿ, ಅದು ನಕ್ಷೆಯ ಅಳತೆಗೆ ಹೊಂದಿದ ಬಳಿಕವೇ ಅಂತಿಮ ಕಂತನ್ನು ಪಾವತಿಸುವುದು ಸೂಕ್ತ.