ಬಳಸಿದ ನೀರು ಮರಳಿ ಕೆರೆಗೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ನದಿಯ ಪಾತ್ರ ಬಹುಕಾಲ ಬರಿಯ ಮರಳಾಗಿರುತ್ತದೆ. ಆದುದರಿಂದ ಇಲ್ಲಿನ ಹಿರಿಯರು ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದಿಟ್ಟರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವವನು ನೀರುಗಂಟಿ. ಸುಗಟೂರು, ನರಸಾಪುರ ಮೊದಲಾದ ಊರುಗಳ ಬಾಳು ಈ ಕೆರೆಗಳನ್ನೇ ನೆಚ್ಚಿತ್ತು.

ಕಾಲಕ್ರಮದಲ್ಲಿ ಕೆರೆಗಳಲ್ಲಿ ಹೂಳು ತುಂಬಿತು, ಕಾಲುವೆಗಳು ಮುಚ್ಚಿಹೋದವು. ಜನರು ಕೊಳವೆಬಾವಿಗಳಿಗೆ ಮೊರೆಹೊಕ್ಕರು. ಸಾವಿರ ಅಡಿಗೂ ಆಳಕ್ಕೆ ಕೊರೆದರೂ ಎಷ್ಟೋ ಬಾವಿಗಳು ಬರಿದಾದವು. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಅದು ಹಲ್ಲು ಮತ್ತು ಮೂಳೆಗಳಿಗೆ ಕೇಡನ್ನು ತಂದಿತು.

ಇತ್ತ ಬೆಂಗಳೂರಿನಲ್ಲಿ ಪ್ರತಿದಿನವೂ ಕೋಟಿಗಟ್ಟಲೆ ಲೀಟರ್ ನೀರು ಬಳಕೆಯಾಗಿ ಚರಂಡಿ ಸೇರುತ್ತಿತ್ತು. ಅದನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಬಾರದೇಕೆ? ಈ ವಿಚಾರದ ಫಲವೇ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೊಳವೆಗಳ ಮೂಲಕ ಸಾಗಿಸಿ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವುದು ಇದರ ಗುರಿ. 2018ರ ಜೂನ್ ತಿಂಗಳಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದಿತು.

ಕೊಳೆನೀರು ಶುದ್ಧವಾಗುವ ಬಗೆ ಹೀಗಿದೆ: ಮೊದಲು ಜಾಲರಿಗಳು ಚಿಂದಿ, ಕಡ್ಡಿಗಳನ್ನು ತಡೆಯುತ್ತವೆ. ಅನಂತರ ತೊಟ್ಟಿಗಳಲ್ಲಿ ಮರಳೂ ಕೆಸರೂ ತಳ ಸೇರುತ್ತವೆ. ಇದು ಮೊದಲ ಹಂತ. ಎರಡನೆಯ ಹಂತದಲ್ಲಿ ನೀರಿಗೆ ಗಾಳಿಯನ್ನು ಊದುತ್ತಾರೆ. ಆಗ ಬ್ಯಾಕ್ಟೀರಿಯಾಗಳು ಹೆಚ್ಚಿ, ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ತೀರಿಸುತ್ತವೆ. ಸಾರಜನಕ, ರಂಜಕ ಮೊದಲಾದವುಗಳನ್ನು ಮತ್ತಷ್ಟು ತೆಗೆಯಲು ಮೂರನೆಯ ಹಂತ ಬೇಕಾಗುತ್ತದೆ.

ಎಲ್ಲ ಕೊಳೆನೀರಿಗೂ ಒಂದೇ ಮದ್ದಿಲ್ಲ. ಎಣ್ಣೆಬಾವಿಗಳಿಂದ ಕಚ್ಚಾ ಎಣ್ಣೆಯೊಡನೆ ಉಪ್ಪುನೀರೂ ಮೇಲೆ ಬರುತ್ತದೆ. ಅದರಲ್ಲಿನ ಎಣ್ಣೆಯ ಹನಿಗಳನ್ನು ಬೇರ್ಪಡಿಸಿ, ಅನೇಕ ಕಡೆಗಳಲ್ಲಿ ಆ ನೀರನ್ನು ಮತ್ತೆ ಭೂಗರ್ಭಕ್ಕೆ ಒತ್ತಿ ಎಣ್ಣೆ ಮೇಲೇರುವಂತೆ ಮಾಡುತ್ತಾರೆ. ಅದನ್ನು ಹೊಲಕ್ಕೆ ಹಾಯಿಸಬೇಕಾದರೆ ಉಪ್ಪನ್ನೂ ತೆಗೆಯಬೇಕು. ನೀರಿನಲ್ಲಿ ಬೆರೆತಿರುವುದೇನು, ಅದರ ಮುಂದಿನ ಬಳಕೆ ಏನು ಎಂಬುದರ ಮೇಲೆ ಶುದ್ಧೀಕರಣದ ಕ್ರಮ ನಿಂತಿದೆ.

ಕೋಲಾರದಲ್ಲಿ ಎದ್ದ ವಾದವೂ ಇದೇ. 2018ರ ಜುಲೈ ತಿಂಗಳಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿದಾಗ ಜನರು ಕಳವಳಗೊಂಡರು. ವಿಷಯವು ಉಚ್ಚ ನ್ಯಾಯಾಲಯವನ್ನೂ ಆ ಬಳಿಕ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಕೆಲಕಾಲ ತಡೆಯುಂಟಾಗಿ, ಅನಂತರ ನೀರು ಮತ್ತೆ ಹರಿಯಿತು. ಕೆರೆಗಳು ತುಂಬಿದಂತೆ ಸುತ್ತಲಿನ ಬಾವಿಗಳಲ್ಲಿ ಅಂತರ್ಜಲ ಏರಿತು. ಆದರೆ ಎರಡು ಹಂತಗಳ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕು ಎಂಬುದು ಅನೇಕ ರೈತರ ಬೇಡಿಕೆ. ಕೆರೆಯ ನೀರು ಇಂಗಿ ಕುಡಿಯುವ ನೀರಿನ ಬಾವಿಗಳನ್ನೂ ಸೇರಬಲ್ಲುದಾದ್ದರಿಂದ ಈ ಬೇಡಿಕೆಯನ್ನು ಕಡೆಗಣಿಸುವಂತಿಲ್ಲ.

ಬತ್ತಿದ ಕೆರೆಗೆ ನೀರು ಬರುವುದು ಸಂತೋಷದ ಸಂಗತಿ. ಆದರೆ ಕೆರೆ ತುಂಬಿದರಷ್ಟೇ ಸಾಲದು. ತುಂಬಿದ ನೀರನ್ನು ಆಗಾಗ ಪರೀಕ್ಷಿಸುತ್ತಲೂ ಇರಬೇಕು. ಹಿಂದೆ ನೀರುಗಂಟಿಯು ತೂಬನ್ನು ಕಾಯುತ್ತಿದ್ದನು. ಇಂದು ನೀರಿನ ಗುಣವನ್ನು ಕಾಯುವ ಹೊಣೆ ನಮ್ಮೆಲ್ಲರದು.