ಒಂದೇ ಸುದ್ದಿ, ಮೂರು ಕಾಗದ

ನಾಗರಹೊಳೆ ಕಾಡಂಚಿನಲ್ಲಿ ಆನೆ ಗದ್ದೆಗಿಳಿಯಿತು ಎನ್ನಿ. ಬೆಳೆ ಕಳೆದುಕೊಂಡವರಿಗೆ ಪರಿಹಾರದ ಅರ್ಜಿ ಎಲ್ಲಿ, ಹೇಗೆ ಕೊಡಬೇಕೆಂದು ತಿಳಿಯಬೇಕು. ಕಾಫಿ ತೋಟದ ಕಾರ್ಮಿಕರಿಗೆ ಬೆಳಿಗ್ಗೆ ಯಾವ ದಾರಿ ಹಿಡಿದರೆ ಕ್ಷೇಮ ಎಂಬುದು ಮುಖ್ಯ. ಬೆಂಗಳೂರಿನ ದಾನಿಗೆ ತಾನು ಕೊಟ್ಟ ಹಣ ಎಲ್ಲಿ ವಿನಿಯೋಗವಾಯಿತು ಎಂಬ ಲೆಕ್ಕ ಬೇಕು. ಸ್ವಯಂಸೇವಾ ಸಂಸ್ಥೆಯೊಂದು ಈ ಮೂವರಿಗೂ ಒಂದೇ ಇಮೇಲ್ ಸುದ್ದಿಪತ್ರ ಕಳಿಸಿದರೆ ಯಾರಿಗೂ ಪೂರ್ತಿ ಉಪಯೋಗವಾಗದು.

ಕೇಳುಗರನ್ನು ನೋಡಿ ಮಾತು ಬದಲಿಸಿದ ಉದಾಹರಣೆ ಹತ್ತಿರದಲ್ಲೇ ಇದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸ್ಥಾಪಿಸಿದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2015ರಲ್ಲಿ ‘ವೈಲ್ಡ್ ಸೇವೆ’ ಆರಂಭಿಸಿತು. ಬಂಡೀಪುರ, ನಾಗರಹೊಳೆ ಸುತ್ತಲಿನ ರೈತರು ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಿಬ್ಬಂದಿ ಬಂದು ಹಾನಿಯನ್ನು ದಾಖಲಿಸಿ, ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಅದೇ ಸಂಸ್ಥೆ 2018ರಲ್ಲಿ ಕಾಡಂಚಿನ ಮಕ್ಕಳಿಗಾಗಿ ‘ವೈಲ್ಡ್ ಶಾಲೆ’ ತೆರೆಯಿತು. ವಿಷಯ ವನ್ಯಜೀವಿಗಳದೇ; ರೈತರಿಗೆ ಫೋನ್, ಮಕ್ಕಳಿಗೆ ಆಟ-ಪಾಠ.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ತಮಿಳುನಾಡಿನ ವಾಲ್ಪಾರೈನಲ್ಲಿ ಆನೆಗಳಿರುವ ಜಾಗದ ಸಮೀಪದವರಿಗೆ ತಮಿಳು ಮತ್ತು ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಕಳಿಸಿತು. ಸಂದೇಶ ಓದದೆ ದಾರಿಯಲ್ಲಿ ನಡೆದುಬರುವವರಿಗಾಗಿ ಎತ್ತರದಲ್ಲಿ ಮಿನುಗುವ ಕೆಂಪು ದೀಪಗಳನ್ನು ಕೂರಿಸಿತು.

ಇಮೇಲಿನಲ್ಲಿ ಈ ಕೆಲಸ ಇನ್ನೂ ಸುಲಭ. ಹೆಸರು ನೋಂದಾಯಿಸುವಾಗಲೇ ‘ನೀವು ಬೆಳೆಗಾರರೇ, ಕಾರ್ಮಿಕರೇ, ದಾನಿಗಳೇ?’ ಎಂದು ಕೇಳಿ, ವಿಳಾಸಗಳನ್ನು ಗುಂಪು ಮಾಡಿಟ್ಟುಕೊಂಡರಾಯಿತು. ಪತ್ರದ ನಡುಭಾಗ ಎಲ್ಲರಿಗೂ ಒಂದೇ ಇರಲಿ. ಶೀರ್ಷಿಕೆ, ಮೊದಲ ಪ್ಯಾರಾ ಮತ್ತು ಕೊನೆಯ ಕೋರಿಕೆ ಮಾತ್ರ ಬದಲಾಗಲಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಂಥ ಸಂದರ್ಭವನ್ನೇ ನೆನೆಯಿರಿ. ಹೊರದೇಶದಲ್ಲಿರುವ ಬಂಧುಗಳಿಗೆ ಊರಿನ ಸ್ಥಿತಿಗತಿ, ಸ್ವಯಂಸೇವಕರಿಗೆ ಯಾವ ಶಿಬಿರಕ್ಕೆ ಏನು ತಲುಪಿಸಬೇಕೆಂಬ ಪಟ್ಟಿ, ದಾನಿಗಳಿಗೆ ಖರ್ಚಿನ ವಿವರ ಮತ್ತು ರಸೀದಿ ಹೋಗಬೇಕು. ಸಂತ್ರಸ್ತರಿಗೆ ಇಮೇಲ್ ನೆಚ್ಚಿಕೊಂಡರೆ ಆಗದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಅಲ್ಲಿಗೆ ಮನುಷ್ಯರೇ ಹೋಗಬೇಕು.

ಭಾಷೆಯನ್ನೂ ಮರೆಯುವಂತಿಲ್ಲ. ಕೊಡಗಿನಲ್ಲಿ ಕನ್ನಡದ ಜೊತೆಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆಗಳಿವೆ. ಓದು ಬಾರದವರಿಗೆ ಅವರವರ ಮಾತಿನಲ್ಲಿ ಧ್ವನಿಸಂದೇಶವೇ ಸರಿ.

ಅಂಕಿಅಂಶ ಮಾತ್ರ ಯಾವ ಪತ್ರದಲ್ಲೂ ಬದಲಾಗಬಾರದು. ದಾನಿಯ ಮನ ಕರಗಿಸಲೆಂದು ಹಾನಿಯನ್ನು ಹಿಗ್ಗಿಸುವುದು, ಊರಿನವರಿಗೆ ಧೈರ್ಯ ತುಂಬಲೆಂದು ಕುಗ್ಗಿಸುವುದು ಎರಡೂ ವಂಚನೆ. ವಿಳಾಸಗಳ ವಿಚಾರದಲ್ಲೂ ಎಚ್ಚರ ಬೇಕು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಒತ್ತು ಕೊಡುತ್ತದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನೂ ನೀಡುತ್ತದೆ. ಪತ್ರ ಬೇಡವೆನ್ನುವವರಿಗೆ ಅದನ್ನು ನಿಲ್ಲಿಸುವ ಕೊಂಡಿ ಪ್ರತಿ ಇಮೇಲಿನ ಕೆಳಗೂ ಕಾಣುವಂತಿರಬೇಕು.